ಕುಂಬಳಕಾಯಿ ಮಸಾಲೆ ಸ್ಕೋನ್ ಕೆಟ್ಟರೆ ಮೊದಲು ನೀರು ನೋಡಿ: ಕೊಡಗಿನ ಅಡುಗೆಮನೆಗೊಂದು ದೋಷ ನಿವಾರಣೆ ಕೈಪಿಡಿ

ಸ್ಕೋನ್ ಅಂದರೆ ಬೇಕಿಂಗ್ ಪೌಡರಿನಿಂದ ಉಬ್ಬಿಸಿ ಓವನ್ನಿನಲ್ಲಿ ಬೇಯಿಸುವ, ಬನ್ನಿನಂಥ ತಿಂಡಿ. ಅದು ಚಪ್ಪಟೆಯಾಗಿ ಹರಡಿಕೊಂಡಿದೆ. ಇಲ್ಲಾ ಮೇಲೆ ಕೆಂಪಗಾಗಿ ಒಳಗೆ ಹಸಿ ಹಿಟ್ಟು ಹಾಗೇ ಉಳಿದಿದೆ. ಇಲ್ಲಾ ಹಲ್ಲಿಗೆ ಸಿಗದಷ್ಟು ಗಟ್ಟಿಯಾಗಿದೆ. ಹೀಗಾದಾಗ ಹೆಚ್ಚಿನವರು ಮುಂದಿನ ಸಲ ಇನ್ನೊಂದು ಚಮಚ ಬೇಕಿಂಗ್ ಪೌಡರ್ ಹಾಕುತ್ತಾರೆ, ಅಥವಾ ಹಿಟ್ಟು ಅಂಟುತ್ತೆ ಅಂತ ಇನ್ನೊಂದು ಹಿಡಿ ಮೈದಾ ಸುರಿಯುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ನಮ್ಮ ಕೊಡಗಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಈ ಸ್ಕೋನ್ ಕೆಡುವುದಕ್ಕೆ ಮೊದಲ ಕಾರಣ ನೀರು. ಕುಂಬಳದ ನೀರು, ಮಳೆಗಾಲದ ತೇವ ಹೀರಿಕೊಂಡ ಮೈದಾದ ನೀರು, ಮನೆಯಲ್ಲೇ ಕಡೆದ ಬೆಣ್ಣೆಯೊಳಗಿನ ನೀರು. ಅದಾದ ಮೇಲೆ ಓಟಿಜಿಯ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನಿನ, ಕಾವು. ಬೇಕಿಂಗ್ ಪೌಡರ್ ಬರುವುದು ಮೂರನೆಯದಾಗಿ. ಇದೇ ಕ್ರಮದಲ್ಲಿ ಹುಡುಕಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಸ್ಕೋನ್ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ಅಳತೆ ಒಂದಿರಲಿ

ತಪ್ಪು ಎಲ್ಲಿದೆ ಅಂತ ನೋಡಲು ಹೋಲಿಸಿಕೊಳ್ಳುವುದಕ್ಕೆ ಒಂದು ಅಳತೆ ಬೇಕಲ್ವಾ. ಎಂಟು ಸ್ಕೋನಿಗೆ ಮೈದಾ 250 ಗ್ರಾಂ, ಸಕ್ಕರೆ 50 ಗ್ರಾಂ, ತಣ್ಣಗಿನ ಬೆಣ್ಣೆ 85 ಗ್ರಾಂ, ನೀರು ಇಂಗಿಸಿದ ಕುಂಬಳದ ತಿರುಳು 120 ಗ್ರಾಂ, ಮೊಟ್ಟೆ ಒಂದು, ಹಾಲು ಎರಡು ದೊಡ್ಡ ಚಮಚ, ಬೇಕಿಂಗ್ ಪೌಡರ್ ಎರಡು ಟೀ ಚಮಚ. ಮಸಾಲೆಗೆ ಚಕ್ಕೆ ಪುಡಿ ಒಂದು ಟೀ ಚಮಚ, ಒಣಶುಂಠಿ ಪುಡಿ ಅರ್ಧ, ಜಾಯಿಕಾಯಿ ಕಾಲು, ಲವಂಗದ ಪುಡಿ ಒಂದು ಚಿಟಿಕೆ. ಅಂಗಡಿಯ ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಬೆಣ್ಣೆಯನ್ನು ಮೈದಾಕ್ಕೆ ಬೆರಳ ತುದಿಯಲ್ಲಿ ಉಜ್ಜಿ, ಹಸಿ ಪದಾರ್ಥಗಳನ್ನು ಹಾಕಿ, ಒಟ್ಟು ಮಾಡಿ, ಒಂದು ಇಂಚಿಗಿಂತ ಸ್ವಲ್ಪ ಕಮ್ಮಿ ದಪ್ಪಕ್ಕೆ ತಟ್ಟಿ, ಕತ್ತರಿಸಿ, ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಚೆನ್ನಾಗಿ ಕಾದ ಓಟಿಜಿಯಲ್ಲಿ 210 ಡಿಗ್ರಿಗೆ 20ರಿಂದ 25 ನಿಮಿಷ. ಅಷ್ಟೇ.

ತಕ್ಕಡಿ ಇಲ್ಲದೆ ಲೋಟದಲ್ಲಿ ಅಳೆಯುವವರಿಗೆ ಒಂದು ಮಾತು. ಡಬ್ಬದಿಂದ ಒತ್ತಿ ತುಂಬಿದ ಒಂದು ಲೋಟ ಮೈದಾಕ್ಕೂ ಚಮಚದಲ್ಲಿ ಉದುರಿಸಿ ತುಂಬಿದ ಒಂದು ಲೋಟಕ್ಕೂ ತುಂಬಾ ವ್ಯತ್ಯಾಸ ಬರುತ್ತದೆ. ಒಂದು ಸಣ್ಣ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಕೆಳಗೆ ಹೇಳುವ ಅರ್ಧದಷ್ಟು ತೊಂದರೆ ಅಲ್ಲೇ ಮುಗಿಯುತ್ತದೆ.

ಒಡೆದು ನೋಡಿ

ಕೆಟ್ಟ ಸ್ಕೋನನ್ನು ಬಿಸಾಡುವ ಮುಂಚೆ ಕೈಯಲ್ಲಿ ಹಿಡಿದು ಮಧ್ಯಕ್ಕೆ ಒಡೆಯಿರಿ, ಚಾಕು ಬೇಡ, ಚಾಕು ಹಾಕಿದರೆ ಒಳಗಿನ ರಚನೆ ಒತ್ತಿಹೋಗುತ್ತದೆ. ಒಡೆದ ಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ತಳದಿಂದ ಸ್ವಲ್ಪ ಮೇಲೆ ಅಡ್ಡಕ್ಕೆ ಒಂದು ಗಾಢ ಕಿತ್ತಳೆ ಪಟ್ಟಿ ಕಾಣುತ್ತದಾ? ಬೆರಳಲ್ಲಿ ಒತ್ತಿದರೆ ಮೇಣದ ಹಾಗೆ ತಗ್ಗಿ ಹಾಗೇ ಉಳಿಯುತ್ತದಾ? ಹಾಗಿದ್ದರೆ ನೀರು ಜಾಸ್ತಿ. ಪಟ್ಟಿಯಿಲ್ಲದೆ ಮಧ್ಯದಲ್ಲಿ ಮಾತ್ರ ಒಂದು ಹಸಿ ಗುಳಿ ಇದ್ದರೆ ಕಾವು ಸಾಲದು, ಅಥವಾ ತೀರಾ ದಪ್ಪ ತಟ್ಟಿದ್ದೀರಿ. ಉದ್ದಕ್ಕೂ ಒಂದೇ ಸಮನೆ ಬಿಗಿಯಾಗಿ ಬ್ರೆಡ್ಡಿನ ಹಾಗೆ ಎಳೆ ಎಳೆ ಇದ್ದರೆ ನಾದಿದ್ದು ಜಾಸ್ತಿ. ದೊಡ್ಡ ದೊಡ್ಡ ತೂತುಗಳಿದ್ದು ಮೇಲ್ಭಾಗ ಕುಸಿದಿದ್ದರೆ ಬೇಕಿಂಗ್ ಪೌಡರ್ ಜಾಸ್ತಿ. ಉಬ್ಬೇ ಇಲ್ಲ, ಇಡೀ ಸ್ಕೋನ್ ಗಟ್ಟಿ ಮುದ್ದೆ ಅಂದರೆ ಪೌಡರ್ ಸತ್ತಿದೆ. ಕಾರಣಗಳು ಎರಡು ಮೂರು ಸೇರಿಯೂ ಇರಬಹುದು, ಆದರೆ ಎದ್ದು ಕಾಣುವುದು ಯಾವುದೋ ಅಲ್ಲಿಂದ ಶುರು ಮಾಡಿ.

ನೀರು: ಕುಂಬಳದಿಂದ

ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜನ ನನ್ನನ್ನು ಕೇಳುವ ಹೆಚ್ಚಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮೊನ್ನೆ ನಮ್ಮ ಲೈನಿನ ಹುಡುಗಿ ಒಬ್ಬಳು ಸ್ಕೋನ್ ಹಿಡಿದುಕೊಂಡೇ ಬಂದಳು. "ಅಕ್ಕಾ, ಮೇಲೆ ಎಷ್ಟು ಚಂದ ಕೆಂಪಾಗಿದೆ ನೋಡಿ, ಒಳಗೆ ಮಾತ್ರ ಹಸಿ."

"ತಿರುಳಿನ ನೀರು ತೆಗೆದ್ಯಾ?"

"ಇಲ್ಲಕ್ಕಾ, ಕುಕ್ಕರಲ್ಲಿ ಬೇಯಿಸಿ ಮಿಕ್ಸಿಗೆ ಹಾಕಿದೆ, ಅಷ್ಟೇ. ರೆಸಿಪಿಯಲ್ಲಿ ಏನೂ ಹೇಳಿರಲಿಲ್ಲ."

ರೆಸಿಪಿಯಲ್ಲಿ ಹೇಳದೆ ಇರುವುದಕ್ಕೆ ಕಾರಣ ಇದೆ. ಈ ಸ್ಕೋನಿನ ಹೆಚ್ಚಿನ ರೆಸಿಪಿಗಳು ಅಮೆರಿಕದ್ದು, ಅಲ್ಲಿ ಡಬ್ಬಿಯಲ್ಲಿ ಬರುವ ತಿರುಳನ್ನು ನೇರವಾಗಿ ಹಾಕುತ್ತಾರೆ. ಡಬ್ಬಿಯ ತಿರುಳಿನಲ್ಲಿ ಸುಮಾರು 90 ಶೇಕಡಾ ನೀರು. ಮನೆಯಲ್ಲಿ ನೀರು ಹಾಕಿ ಬೇಯಿಸಿದ ಕುಂಬಳದಲ್ಲಿ ಸುಮಾರು 94. ನಾಲ್ಕೇ ನಾಲ್ಕು ವ್ಯತ್ಯಾಸ, ಇಷ್ಟಕ್ಕೆ ಏನಾಗುತ್ತೆ ಅನ್ನಿಸಬಹುದು. ಆದರೆ ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ: 100 ಗ್ರಾಂ ಡಬ್ಬಿ ತಿರುಳಿನಲ್ಲಿ 10 ಗ್ರಾಂ ಗಟ್ಟಿ ಪದಾರ್ಥ ಇದ್ದರೆ ನಮ್ಮದರಲ್ಲಿ 6 ಗ್ರಾಂ ಮಾತ್ರ. ಅಂದರೆ ಅದೇ ಗಟ್ಟಿತನ ಬರಬೇಕಾದರೆ ನಮ್ಮ 200 ಗ್ರಾಂ ತಿರುಳು ಇಂಗಿ 120 ಗ್ರಾಂ ಆಗಬೇಕು. ಮೇಲಿನ ಅಳತೆಯ 120 ಗ್ರಾಂ ಅಂದರೆ ಇದು.

ಮಾಡುವುದು ಹೀಗೆ. ಕುಂಬಳವನ್ನು ನೀರಲ್ಲಿ ಮುಳುಗಿಸಿ ಬೇಯಿಸಬೇಡಿ. ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಬೇಯಿಸುವ ಪಾತ್ರೆಯಲ್ಲಿ ಹಬೆಗೆ ಇಡಿ, ಅಥವಾ ಸಿಪ್ಪೆ ಸಮೇತ ಹೋಳು ಮಾಡಿ ಓಟಿಜಿಯಲ್ಲಿ ಸುಡಿ. ಸುಟ್ಟರೆ ನೀರೂ ಕಮ್ಮಿ, ರುಚಿಯೂ ಜಾಸ್ತಿ, ಆದರೆ ಕರೆಂಟ್ ನಂಬಿಕೊಂಡು ಮಳೆಗಾಲದಲ್ಲಿ ಕೂರುವುದಕ್ಕಾಗುವುದಿಲ್ಲ, ಹಬೆಯೇ ಸುಲಭ. ಬೆಂದ ಹೋಳನ್ನು ಚೆನ್ನಾಗಿ ಕಿವುಚಿ, ತೆಳು ಪಂಚೆ ತುಂಡಿನಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ. ತಿಳಿ ಹಳದಿ ನೀರು ತೊಟ್ಟಿಕ್ಕುತ್ತದೆ, ಅದನ್ನು ಸಾರಿಗೆ ಹಾಕಿಕೊಳ್ಳಿ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ತಿರುಳನ್ನು ಕೈಬಿಡದೆ ತಿರುವಿ. ಮೊದಮೊದಲು ಪಟಪಟ ಸಿಡಿಯುತ್ತದೆ, ಆಮೇಲೆ ಸಿಡಿಯುವುದು ನಿಂತು ಬರೀ ಹಬೆ ಏಳುತ್ತದೆ, ಬಣ್ಣ ಹಳದಿಯಿಂದ ಗಾಢ ಕಿತ್ತಳೆಗೆ ತಿರುಗುತ್ತದೆ. ಸೌಟಿನಿಂದ ಬಾಣಲೆಯ ತಳಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯೊಳಗೆ ನೀರು ಒಸರಿ ಬಂದರೆ ಇನ್ನೂ ಆಗಿಲ್ಲ. ಗೆರೆ ಒಣಗಿಯೇ ನಿಂತು, ಎರಡು ಬದಿಯ ತಿರುಳು ಕುಸಿಯದೆ ಇದ್ದರೆ ಆಯಿತು. ಖಾಲಿ ಬಾಣಲೆಯ ತೂಕ ಮೊದಲೇ ಬರೆದಿಟ್ಟುಕೊಂಡರೆ ಬಾಣಲೆ ಸಮೇತ ತೂಗಿ ನೋಡಬಹುದು. ಪೂರ್ತಿ ತಣ್ಣಗಾದ ಮೇಲೆಯೇ ಹಿಟ್ಟಿಗೆ ಹಾಕಿ, ಬಿಸಿ ತಿರುಳು ಬೆಣ್ಣೆ ಕರಗಿಸಿಬಿಡುತ್ತದೆ.

ಕಾಯಿಯೂ ನೋಡಿ ಆರಿಸಿ. ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಕೊಯ್ದು ಅಟ್ಟದಲ್ಲೋ ಅಡುಗೆಮನೆ ಮೂಲೆಯಲ್ಲೋ ಕೆಲವು ವಾರ ಇಟ್ಟ ಕುಂಬಳ ಸ್ಕೋನಿಗೆ ಬಹಳ ಒಳ್ಳೆಯದು, ನೀರು ಇಂಗಿ ಸಿಹಿ ಏರಿರುತ್ತದೆ. ಬಳ್ಳಿಯಿಂದ ಆಗತಾನೇ ತಂದ ಎಳೆಕಾಯಿ ಪಲ್ಯಕ್ಕೆ ಸರಿ, ಇದಕ್ಕೆ ಬೇಡ.

ತಿರುಳು ಇಂಗಿಸಿದ ಮೇಲೂ ಹಿಟ್ಟು ಅಂಟಂಟಾಗಿದ್ದರೆ ಹಾಲನ್ನು ಬಿಟ್ಟೇ ನೋಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕುಂಬಳದ ಸ್ಕೋನ್ ಅಂದರೆ ಫ್ಲೋ ಬ್ಯೆಲ್ಕೆ-ಪೀಟರ್ಸನ್ ಹೆಸರೇ ಬರುವುದು. ಅಲ್ಲಿನ ಪ್ರೀಮಿಯರ್ ಆಗಿದ್ದವರ ಹೆಂಡತಿ, ತಾವೂ ಸೆನೆಟರ್ ಆಗಿದ್ದವರು. ಅವರ ಪ್ರಸಿದ್ಧ ಪಾಕದಲ್ಲಿ ಮಸಾಲೆ ಇಲ್ಲ, ಹಾಲೂ ಇಲ್ಲ. ಒಂದು ಮೊಟ್ಟೆ, ಒಂದು ಕಪ್ ಕಿವುಚಿದ ಕುಂಬಳ, ಹಿಟ್ಟು ಕಲಸುವುದಕ್ಕೆ ಅಷ್ಟೇ ತೇವ. ಅವರು ಕುಂಬಳವನ್ನೇ ಹಾಲಿನ ಜಾಗದಲ್ಲಿ ಲೆಕ್ಕ ಹಿಡಿದಿದ್ದಾರೆ, ನಾವೂ ಹಾಗೇ ಹಿಡಿಯಬೇಕು.

ನೀರು: ಗಾಳಿಯಿಂದ, ಬೆಣ್ಣೆಯಿಂದ

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ. ಬಟ್ಟೆ ಒಣಗದ ಮನೆಯಲ್ಲಿ ಮೈದಾ ಒಣಗಿರುತ್ತದಾ? ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಿ ನಿಲ್ಲುವ ಮೈದಾ ಆಗಲೇ ನೀರು ಕುಡಿದಿದೆ ಅಂತ ಅರ್ಥ. ಆಗಸ್ಟಿನಲ್ಲಿ ಹಾಲನ್ನು ಒಂದೊಂದೇ ಟೀ ಚಮಚ ಹಾಕಿ, ಹಿಟ್ಟು ಒಟ್ಟಾಯಿತು ಅನ್ನುವಾಗಲೇ ನಿಲ್ಲಿಸಿ. ಅದೇ ಅಳತೆಗೆ ಜನವರಿಯಲ್ಲಿ ಪೂರ್ತಿ ಎರಡು ಚಮಚ ಹಾಲು ಬೇಕಾಗಬಹುದು. ಕುಶಾಲನಗರದ ಕಡೆಯವರಿಗೆ ಮಳೆ ಕಮ್ಮಿ, ಅವರಿಗೆ ಈ ತೊಂದರೆಯೂ ಅಷ್ಟಿಲ್ಲ.

ಸಕ್ಕರೆ ಬದಲು ಬೆಲ್ಲ ಹಾಕುವವರು ಮಳೆಗಾಲದಲ್ಲಿ ಜೋಪಾನ. ಬೆಲ್ಲ ತೇವ ಹೀರಿ ಒಸರುತ್ತದೆ, ಹಿಟ್ಟೂ ಸಡಿಲವಾಗುತ್ತದೆ. ಹಾಕಲೇಬೇಕೆಂದರೆ ಅರ್ಧ ಸಕ್ಕರೆ, ಅರ್ಧ ಒಣ ಬೆಲ್ಲದ ಪುಡಿ, ಮತ್ತು ಹಾಲು ಬೇಡ.

ಮನೆಯಲ್ಲಿ ಕಡೆದ ಬೆಣ್ಣೆಯ ರುಚಿಗೆ ಸಾಟಿ ಇಲ್ಲ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದರಲ್ಲಿ ಮಜ್ಜಿಗೆ ನೀರು ಸಿಕ್ಕಿಕೊಂಡಿರುತ್ತದೆ. ಫ್ರಿಜ್ಜಿನಲ್ಲಿ ಗಟ್ಟಿಯಾದ ಬೆಣ್ಣೆಯನ್ನು ಕತ್ತರಿಸಿ ನೋಡಿ, ಕತ್ತರಿಸಿದ ಮುಖದಲ್ಲಿ ಸಣ್ಣ ಸಣ್ಣ ಹನಿಗಳು ಮಿನುಗಿದರೆ ತಣ್ಣೀರಿನಲ್ಲಿ ತೊಳೆದು, ಮರದ ಸೌಟಿನಿಂದ ಒತ್ತಿ ಒತ್ತಿ ನೀರು ಬಸಿದು, ಮತ್ತೆ ಗಟ್ಟಿ ಮಾಡಿ ಬಳಸಿ. ತುಪ್ಪ ಬೇಡ. ಬೆಣ್ಣೆಯ ತುಣುಕು ಕಾವಿಗೆ ಕರಗಿ ಅದರೊಳಗಿನ ಸ್ವಲ್ಪ ನೀರು ಹಬೆಯಾಗಿ ಪದರ ಎತ್ತಬೇಕು, ತುಪ್ಪದಲ್ಲಿ ಆ ನೀರೇ ಇಲ್ಲ.

ಬೆಣ್ಣೆ ತಣ್ಣಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಬೆಣ್ಣೆ ತಾನಾಗಿ ಕರಗುವುದಿಲ್ಲ, ಒಲೆ ಪಕ್ಕ ಇಟ್ಟುಕೊಂಡು ಕೆಲಸ ಮಾಡದಿದ್ದರೆ ಸಾಕು. ಗೋಣಿಕೊಪ್ಪ, ಕುಶಾಲನಗರದ ಏಪ್ರಿಲ್ ಸೆಕೆಯಲ್ಲಿ ಮಾತ್ರ ಹಿಟ್ಟು, ಬಟ್ಟಲು ಎರಡನ್ನೂ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

ಕಾವು

ಮೇಲೆ ಬಿಳುಚಿಕೊಂಡಿದೆ, ಹೊತ್ತು ಮೀರಿದರೂ ಕೆಂಪಾಗಿಲ್ಲ, ಒಣಗಿ ಬಿಸ್ಕತ್ತಾಗಿದೆ. ಇದು ಓಟಿಜಿಯ ಕಾವು ಸಾಲದ ಲಕ್ಷಣ, ಮತ್ತು ನಮ್ಮಲ್ಲಿ ಇದಕ್ಕೆ ವೋಲ್ಟೇಜೇ ಮುಖ್ಯ ಕಾರಣ. ಓಟಿಜಿಯೊಳಗಿನ ಕಾಯಿಲಿನ (ಕಾಯುವ ಸರಳಿನ) ಕಾವು ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ, ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 180 ಬಂದರೆ ಕಾವು ಸ್ವಲ್ಪ ಕಮ್ಮಿಯಾಗುವುದಲ್ಲ, ಸುಮಾರು 60 ಶೇಕಡಾಕ್ಕೆ ಬೀಳುತ್ತದೆ. ಗುಂಡಿ 210ರಲ್ಲೇ ಇದ್ದರೂ ಒಳಗೆ ಅಷ್ಟಿರುವುದಿಲ್ಲ. ಸಂಜೆ ಊರಿನವರೆಲ್ಲ ಗೀಸರ್ ಹಾಕುವ ಹೊತ್ತಿನಲ್ಲಿ ಬೇಕ್ ಮಾಡಬೇಡಿ, ಮಧ್ಯಾಹ್ನ ಮಾಡಿ. ಮನೆಯ ಇನ್ವರ್ಟರಿಗೆ ಓಟಿಜಿ ಹಾಕಬೇಡಿ, ಸಾಮಾನ್ಯ ಇನ್ವರ್ಟರ್ ಆ ಭಾರ ತಡೆಯುವುದಿಲ್ಲ.

ಓಟಿಜಿ ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆಯಿಂದ ಪರೀಕ್ಷೆ ಮಾಡಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್ ತುಂಡಿನ ಮೇಲೆ ಅರ್ಧ ಚಮಚ ಸಕ್ಕರೆ ಇಟ್ಟು, ಮೊದಲೇ ಕಾಯಿಸಿದ ಓಟಿಜಿಯಲ್ಲಿ ಗುಂಡಿ 190ಕ್ಕೆ ತಿರುಗಿಸಿ 15 ನಿಮಿಷ ಬಿಡಿ. ಕಾಳು ಕಾಳಾಗಿಯೇ ಉಳಿದರೆ ನಿಮ್ಮ ಓಟಿಜಿ ಗುಂಡಿಯ ಮೇಲೆ ಬರೆದಷ್ಟು ಕಾಯುತ್ತಿಲ್ಲ. 175ಕ್ಕೇ ಕರಗಿದರೆ ಜಾಸ್ತಿ ಕಾಯುತ್ತಿದೆ. ಎರಡಕ್ಕೂ ಪರಿಹಾರ ಒಂದೇ, ಗುಂಡಿಯನ್ನು ಆ ಲೆಕ್ಕಕ್ಕೆ ಸರಿಸಿಕೊಳ್ಳುವುದು. ದೀಪ ಆರಿತು ಅಂದ ಕೂಡಲೇ ಸ್ಕೋನ್ ಇಡಬೇಡಿ, ಆಗ ಕಾದಿರುವುದು ಒಳಗಿನ ಗಾಳಿ ಮಾತ್ರ, ಗೋಡೆ ಕಾಯಲು ಇನ್ನೂ ಹತ್ತು ನಿಮಿಷ ಬೇಕು.

ತಳ ಕಪ್ಪಾಗಿ ಮೇಲೆ ಬಿಳಿಯಾಗಿದ್ದರೆ ಮೇಲಿನ ಕಾಯಿಲ್ ಹಾಕಿಲ್ಲ, ಅಥವಾ ತಟ್ಟೆ ತೀರಾ ಕೆಳಗಿದೆ. ಮಧ್ಯದ ಹಂತಕ್ಕೆ ತನ್ನಿ. ಕಪ್ಪು ತಟ್ಟೆ ತಳವನ್ನು ಬೇಗ ಸುಡುತ್ತದೆ, ಅದರ ಕೆಳಗೆ ಇನ್ನೊಂದು ತಟ್ಟೆ ಇಟ್ಟರೆ ಸರಿಹೋಗುತ್ತದೆ. ಕುಕ್ಕರಿನಲ್ಲಿ ಉಪ್ಪು ಹಾಕಿ ಬೇಕ್ ಮಾಡುವವರಿಗೆ ಮೇಲೆ ಬಣ್ಣ ಬರುವುದೇ ಇಲ್ಲ, ಅಲ್ಲಿ ಮೇಲಿನಿಂದ ಕಾವಿಲ್ಲ. ಬೆಂದ ಮೇಲೆ ಕಾದ ಕಾವಲಿಯ ಮೇಲೆ ತಲೆಕೆಳಗಾಗಿ ಒಂದು ನಿಮಿಷ ಇಟ್ಟು ತೆಗೆದರೆ ಬಣ್ಣ ಬರುತ್ತದೆ.

ಬೇಕಿಂಗ್ ಪೌಡರ್

ಅರ್ಧ ಟೀ ಚಮಚ ಪೌಡರನ್ನು ಬಿಸಿ ನೀರಿಗೆ ಹಾಕಿ. ಕೂಡಲೇ ಜೋರಾಗಿ ನೊರೆ ಬಂದರೆ ಸರಿ ಇದೆ. ಸುಮ್ನೆ ಎರಡು ಗುಳ್ಳೆ ಎದ್ದು ಮಲಗಿದರೆ ಬಿಸಾಡಿ, ಡಬ್ಬದ ಮೇಲಿನ ದಿನಾಂಕ ಏನೇ ಇರಲಿ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ ತೇವಕ್ಕೆ ಅದು ಡಬ್ಬದೊಳಗೇ ಕೆಲಸ ಮುಗಿಸಿಬಿಡುತ್ತದೆ. ಸಣ್ಣ ಪ್ಯಾಕೆಟ್ ತನ್ನಿ, ಒದ್ದೆ ಚಮಚ ಹಾಕಬೇಡಿ.

ಪೌಡರ್ ಚೆನ್ನಾಗಿದ್ದೂ ಸ್ಕೋನ್ ಬೇಗ ಉಬ್ಬಿ ಆಮೇಲೆ ಕುಸಿಯುತ್ತದೆ ಅಂದರೆ ಎತ್ತರದ ಲೆಕ್ಕ ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಮ್ಮಿ, ಇಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಹಿಟ್ಟಿನೊಳಗಿನ ಗಾಳಿಗುಳ್ಳೆಯೂ ಜಾಸ್ತಿ ಹಿಗ್ಗುತ್ತದೆ. ಬಯಲಿನ ರೆಸಿಪಿಯಲ್ಲಿ ಮೂರು ಟೀ ಚಮಚ ಅಂತಿದ್ದರೆ ಇಲ್ಲಿ ಎರಡೂಕಾಲು ಸಾಕು. ಗೋಣಿಕೊಪ್ಪದ ಕಡೆ ತಗ್ಗು, ಅಲ್ಲಿ ಎರಡೂವರೆವರೆಗೂ ಹಾಕಬಹುದು.

ಸೋಡಾ ಬೇರೆ, ಪೌಡರ್ ಬೇರೆ. ಪೌಡರ್ ಇಲ್ಲ ಅಂತ ಅದೇ ಅಳತೆಯಲ್ಲಿ ಅಡುಗೆ ಸೋಡಾ ಹಾಕಿದರೆ ಸ್ಕೋನ್ ಕಂದು ಬಣ್ಣಕ್ಕೆ ತಿರುಗಿ ಸೋಪಿನ ರುಚಿ ಬರುತ್ತದೆ. ಸೋಡಾಕ್ಕೆ ಹುಳಿ ಬೇಕು. ಹಾಲಿನ ಬದಲು ಹುಳಿ ಮೊಸರು ಹಾಕಿದಾಗ ಮಾತ್ರ ಕಾಲು ಟೀ ಚಮಚ ಸೋಡಾ, ಅದಕ್ಕಿಂತ ಜಾಸ್ತಿ ಬೇಡ. ಹುಳಿ ಅಂತ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಮಾತ್ರ ಹಾಕಬೇಡಿ. ಸ್ಕೋನ್ ಕಪ್ಪಾಗುತ್ತದೆ, ಆ ಘಾಟಿನ ಮುಂದೆ ಕುಂಬಳದ ರುಚಿ ನಿಲ್ಲುವುದಿಲ್ಲ. ಅದು ಪಂದಿಕರಿಗೇ (ಹಂದಿ ಮಾಂಸದ ಸಾರಿಗೇ) ಇರಲಿ.

ಕೈ

ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಮಾಡಿ ಅಭ್ಯಾಸವಾದ ಕೈ ಹಿಟ್ಟು ಕಂಡರೆ ನಾದುತ್ತದೆ. ಒಟ್ಟಿಗೆ ಅನ್ನ, ಅಕ್ಕಿ ಹಿಟ್ಟು ಸೇರಿಸಿ ನಾದಿದಷ್ಟೂ ಒಳ್ಳೆಯದು, ಅಕ್ಕಿಯಲ್ಲಿ ಅಂಟು ಎಳೆ ಹುಟ್ಟುವುದಿಲ್ಲ. ಮೈದಾ ಹಾಗಲ್ಲ, ನೀರು ತಾಗಿದ ಮೇಲೆ ನಾದಿದಷ್ಟೂ ಗ್ಲುಟೆನ್ ಬಿಗಿಯಾಗಿ ಸ್ಕೋನ್ ಕಲ್ಲಾಗುತ್ತದೆ. ಹಿಟ್ಟು ಅಲ್ಲಲ್ಲಿ ಒಡೆದಂತೆ, ಬೆಣ್ಣೆಯ ತುಣುಕು ಕಾಣುವಂತೆ ಇರುವಾಗಲೇ ಬಿಡಿ. ಪದರ ಬೇಕೆಂದರೆ ತಟ್ಟಿ, ಅರ್ಧಕ್ಕೆ ಮಡಚಿ, ಮತ್ತೆ ತಟ್ಟಿ. ಎರಡು ಸಲ ಸಾಕು. ಕತ್ತರಿಸುವಾಗ ಚಾಕು ಹಿಂದೆ ಮುಂದೆ ಎಳೆಯದೆ ನೇರ ಕೆಳಗೆ ಒತ್ತಿ, ಎಳೆದರೆ ಬದಿಗಳು ಅಂಟಿಕೊಂಡು ಒಂದು ಕಡೆಗೆ ವಾಲಿ ಉಬ್ಬುತ್ತದೆ.

ಮಸಾಲೆ ಕಹಿಯಾದರೆ

ನಮ್ಮಲ್ಲಿ ಚಕ್ಕೆ, ಲವಂಗ, ಜಾಯಿಕಾಯಿ ತೋಟದ್ದೇ ಇರುತ್ತದೆ, ಆಗಲೇ ಪುಡಿ ಮಾಡಿ ಹಾಕುತ್ತೇವೆ. ಸೂಪರ್‌ಮಾರ್ಕೆಟ್ ಡಬ್ಬಿಯ ಹಳೆ ಪುಡಿಯ ಅಳತೆಯಲ್ಲಿ ಹಾಕಿದರೆ ಲವಂಗ ನಾಲಿಗೆ ಮರಗಟ್ಟಿಸುತ್ತದೆ, ಜಾಯಿಕಾಯಿ ಕಹಿ ಬಿಡುತ್ತದೆ. ಕಹಿ ಬಂದರೆ ಮೊದಲು ಕಮ್ಮಿ ಮಾಡಬೇಕಾದ್ದು ಲವಂಗ, ಆಮೇಲೆ ಜಾಯಿಕಾಯಿ. ಚಕ್ಕೆಯನ್ನು ಮುಟ್ಟಬೇಡಿ. ಮಿಕ್ಸಿಯಲ್ಲಿ ಮಾಡಿದ ಪುಡಿಯನ್ನು ಜರಡಿ ಹಿಡಿಯಿರಿ, ಚಕ್ಕೆಯ ಚೂರು ಹಲ್ಲಿಗೆ ಸಿಕ್ಕಿದರೆ ಎಲ್ಲಾ ಕೆಟ್ಟಿತು.

ಆಲ್‌ಸ್ಪೈಸ್ ಅಂತ ರೆಸಿಪಿಯಲ್ಲಿ ಇದ್ದರೆ ಅದು ಗರಂ ಮಸಾಲೆಯ ಹಾಗೆ ಬೆರಕೆ ಪುಡಿಯಲ್ಲ, ಒಂದೇ ಮರದ ಒಣಕಾಯಿ. ಸಿಗದಿದ್ದರೆ ಬಿಟ್ಟುಬಿಡಿ, ಗರಂ ಮಸಾಲೆ ಸುರಿಯಬೇಡಿ, ಧನಿಯಾ ಜೀರಿಗೆ ಸೇರಿ ಸ್ಕೋನ್ ಪಲ್ಯದ ವಾಸನೆ ಹೊಡೆಯುತ್ತದೆ. ಏಲಕ್ಕಿ ಹಾಕುವ ಆಸೆ ನಮಗೆಲ್ಲ ಇರುತ್ತದೆ, ಹಾಕಿ, ಆದರೆ ಎರಡೇ ಕಾಯಿ. ಜಾಸ್ತಿಯಾದರೆ ಪಾಯಸದ ನೆನಪು ಬರುತ್ತದೆಯೇ ಹೊರತು ಕುಂಬಳದ್ದಲ್ಲ. ಕೊಡಗಿನ ಕಿತ್ತಳೆ ಸಿಕ್ಕುವ ಕಾಲದಲ್ಲಿ ಸಿಪ್ಪೆಯ ಮೇಲ್ಪದರ ಸ್ವಲ್ಪ ತುರಿದು ಹಾಕಿ ನೋಡಿ, ಬಿಳಿ ಭಾಗ ಬರದ ಹಾಗೆ. ನನ್ನ ಮಟ್ಟಿಗೆ ಆಲ್‌ಸ್ಪೈಸಿಗಿಂತ ಇದೇ ಮೇಲು.

ಮಸಾಲೆ ಸರಿಯಿದ್ದೂ ಕುಂಬಳದ ರುಚಿಯೇ ಇಲ್ಲ ಅಂದರೆ ಮತ್ತೆ ಬಾಣಲೆಗೇ ಹೋಗಬೇಕು. ತಿರುಳು ಇಂಗಿಲ್ಲ.

ಮಾರನೆಯ ದಿನ

ಬೇಸಿಗೆಯಲ್ಲಿ ಸ್ಕೋನ್ ಒಣಗುತ್ತದೆ, ಮಳೆಗಾಲದಲ್ಲಿ ಮೆತ್ತಗಾಗಿ ಮೇಲ್ಪದರ ಅಂಟುತ್ತದೆ. ಬಿಸಿ ಇರುವಾಗ ಡಬ್ಬಕ್ಕೆ ಹಾಕಿ ಮುಚ್ಚಿದರೆ ಅದರ ಹಬೆಯೇ ಅದನ್ನು ನೆನೆಸುತ್ತದೆ. ಜಾಲರಿ ತಟ್ಟೆಯ ಮೇಲೆ ಪೂರ್ತಿ ಆರಿಸಿ ಆಮೇಲೆ ಮುಚ್ಚಿ. ಮೆತ್ತಗಾದದ್ದನ್ನು 160 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟರೆ ಮೇಲ್ಪದರ ಮತ್ತೆ ಗರಿಗರಿಯಾಗುತ್ತದೆ. ಮೈಕ್ರೋವೇವ್ ಬೇಡ, ಅದು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಆಗಸ್ಟಿನಲ್ಲಿ ಹೊರಗಿಟ್ಟ ಸ್ಕೋನಿಗೆ ಬೇಗ ಬೂಷ್ಟು ಬರುತ್ತದೆ, ಕುಂಬಳ ಇರುವುದರಿಂದ ಇನ್ನೂ ಬೇಗ, ಹಾಗಾಗಿ ಮಾರನೆಯ ದಿನಕ್ಕಿಂತ ಆಚೆ ಹೊರಗಿಡಬೇಡಿ.

ಸಕ್ಕರೆ ಪುಡಿ ಹಾಲಿನಲ್ಲಿ ಕಲಸಿ ಮೇಲೆ ಸುರಿಯುವ ಗ್ಲೇಜ್ ಮಳೆಗಾಲದಲ್ಲಿ ಒಣಗುವುದಿಲ್ಲ, ನೀರು ಬಿಟ್ಟು ಸ್ಕೋನಿನೊಳಗೇ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಗ್ಲೇಜ್ ಬಿಟ್ಟು, ಬೇಕ್ ಮಾಡುವ ಮುಂಚೆ ಮೇಲೆ ಹಾಲು ಸವರಿ ದಪ್ಪ ಸಕ್ಕರೆ ಉದುರಿಸಿ. ಇಲ್ಲಾ ತಿನ್ನುವ ಹೊತ್ತಿಗೆ ಜೇನು ಸವರಿಕೊಳ್ಳಿ.

ನೆಂಟರು ಬರುವ ದಿನಕ್ಕೆ ಬೇಕೆಂದರೆ ಬೇಯಿಸಿಟ್ಟುಕೊಳ್ಳುವುದಕ್ಕಿಂತ ಕತ್ತರಿಸಿದ ಹಸಿ ಸ್ಕೋನನ್ನೇ ಫ್ರೀಜರಿನಲ್ಲಿ ಗಟ್ಟಿ ಮಾಡಿ ಡಬ್ಬದಲ್ಲಿಟ್ಟುಕೊಳ್ಳಿ. ಕರಗಿಸುವುದು ಬೇಡ, ಫ್ರೀಜರಿನಿಂದ ನೇರ ಕಾದ ಓಟಿಜಿಗೆ, ಮಾಮೂಲಿಗಿಂತ ಮೂರು ನಾಲ್ಕು ನಿಮಿಷ ಜಾಸ್ತಿ. ದಿನಗಟ್ಟಲೆ ಕರೆಂಟ್ ಹೋಗುವ ಕಡೆ ಇದನ್ನು ಮಾಡಬೇಡಿ, ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಹಿಟ್ಟು ಉಬ್ಬುವುದಿಲ್ಲ. ಅಲ್ಲಿಯವರು ಇಂಗಿಸಿದ ತಿರುಳನ್ನು ಮಾತ್ರ ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ಬೆಳಿಗ್ಗೆ ಉಳಿದ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.